ಇಲ್ಲದ ಆಡು ಹುಡುಕಿದ ಠಾಣೆ

ನನ್ನ ಸರ್ವಿಸಿನ ಬಹುಪಾಲು ಪೊಲೀಸ್ ಠಾಣೆಗಳಿಗೆ ಅಂಕ ಕೊಡುವುದರಲ್ಲೇ ಕಳೆಯಿತು. ಹೀಗೊಂದು ಕೆಲಸವಿದೆ ಎಂದು ನನ್ನ ತವರೂರು ಸಂಶಿಯಲ್ಲಿ ಈಗಲೂ ಬಹಳ ಜನ ನಂಬುವುದಿಲ್ಲ. "ಪೊಲೀಸ್ರು ಮಂದೀನ ಹಿಡೀತಾರ, ನೀ ಪೊಲೀಸ್ರನ್ನ ಹಿಡೀತಿಯೇನಬೇ?" ಎಂದು ನಮ್ಮ ಕಾಕಾ ಕೇಳುತ್ತಿದ್ದರು. ಹಿಡಿಯುವುದಲ್ಲ ಕಾಕಾ, ಅಳೆಯುವುದು ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ "ಹೌದ್ರಿ, ಹಿಡೀತೀನಿ" ಎಂದುಬಿಡುತ್ತಿದ್ದೆ. ಅವರಿಗೆ ಅದರಿಂದ ಬಹಳ ಸಮಾಧಾನವಾಗುತ್ತಿತ್ತು.

ಈಚೆಗೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ತರಬೇತಿ ಮುಗಿದಿದೆ, ಕೈಯಲ್ಲಿ ಟ್ಯಾಬ್ ಇದೆ, ಅದರ ತುಂಬ ಪ್ರಶ್ನೆಗಳಿವೆ. ಆದರೂ ಒಬ್ಬಳು ಚಹಾ ಕುಡಿಯುತ್ತ, "ಮೇಡಮ್ರಿ, ಛಲೋ ಠಾಣೆ ಯಾವ್ದು ಅಂತ ಖರೇನ ಗೊತ್ತಾಗೂದು ಹೆಂಗ್ರಿ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಪದಕ ಬರಲಿಲ್ಲ ಎಂಬುದೆಲ್ಲ ನನ್ನ ಮನೆಯವರಿಗೇ ಬೇಸರ ತಂದಿರುವ ವಿಷಯ. ಅದು ನಿಮಗೂ ಬೇಡ.

ನಾನು ಸೇರಿದ ಕಾಲದಲ್ಲಿ ತಪಾಸಣೆ ಎಂದರೆ ಸುಣ್ಣ ಮತ್ತು ಕೆಮ್ಮಣ್ಣು. ಸಾಹೇಬರು ಬರುತ್ತಾರೆ ಎಂದು ಗೊತ್ತಾದ ಕೂಡಲೇ ಠಾಣೆಯ ದಾರಿಯ ಕಲ್ಲುಗಳು ಬೆಳ್ಳಗಾಗುತ್ತಿದ್ದವು, ಬೇವಿನ ಗಿಡಗಳಿಗೆ ಸೊಂಟದವರೆಗೆ ಪಟ್ಟಿ ಬೀಳುತ್ತಿತ್ತು. ಒಂದು ಕಡೆ ಹಿತ್ತಿಲಲ್ಲಿ ಬಿದ್ದಿದ್ದ ಒಡೆದ ಬೀಸುವ ಕಲ್ಲಿಗೂ ಬಳಿದಿದ್ದರು. ನನ್ನ ಮೊದಲ ಸಾಹೇಬರು ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ಕಪಾಟಿನ ತಲೆಯ ಮೇಲೆ ಒಮ್ಮೆ ಎಳೆಯುತ್ತಿದ್ದರು. ಕರವಸ್ತ್ರ ಬೆಳ್ಳಗೇ ಉಳಿದರೆ ಠಾಣೆ ಉತ್ತಮ. ಊರವರಿಗೆ ಆ ಠಾಣೆಯಿಂದ ಏನು ಸಿಕ್ಕಿತು ಎಂದು ಕರವಸ್ತ್ರ ಹೇಗೆ ಹೇಳೀತು?

ಇದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ತಪಾಸಣೆಯ ದಿನ ಜನರು ಠಾಣೆಯ ಕಡೆ ಸುಳಿಯಬಾರದು. ಯಾರಾದರೂ ಅಳುತ್ತಲೋ ಬಯ್ಯುತ್ತಲೋ ಬಂದರೆ ಸುಣ್ಣ ಬಳಿದದ್ದೆಲ್ಲ ವ್ಯರ್ಥ ಅಲ್ಲವೇ? ಕಲಘಟಗಿ ಕಡೆಯ ಒಂದು ಠಾಣೆಯವರು ಇದಕ್ಕಾಗಿ ಡಂಗುರವನ್ನೇ ಸಾರಿಸಿದರು. "ನಾಳೆ ದೊಡ್ಡ ಸಾಹೇಬ್ರು ಬರ್ತಾರ, ತಕರಾರು ಇದ್ದೋರು ನಾಡಿದ್ದು ಬರ್ರಿ" ಎಂದು ಸಾರಬೇಕಿತ್ತು. ಡಂಗುರದ ಮುದುಕನಿಗೆ ಸ್ವಂತದ್ದೇ ಒಂದು ತಕರಾರು ಇತ್ತು. ಅವನ ಹೊಲದ ದಾರಿಯನ್ನು ಯಾರೋ ಮುಚ್ಚಿದ್ದರು, ಠಾಣೆಯವರು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನು ನಾಡಿದ್ದನ್ನು ಕೈಬಿಟ್ಟು, "ದೊಡ್ಡ ಸಾಹೇಬ್ರು ಬರ್ತಾರ್ರಪೋ, ತಕರಾರು ಇದ್ದೋರೆಲ್ಲಾ ನಾಳೆನ ಬರ್ರಪೋ" ಎಂದು ಓಣಿ ಓಣಿ ಬಾರಿಸಿಕೊಂಡು ಹೋದ. ಮಾರನೆಯ ದಿನ ನಾವು ಹೋದಾಗ ಸುಣ್ಣದ ಕಲ್ಲುಗಳ ಮೇಲೆಲ್ಲ ಜನ ಕೂತಿದ್ದರು. ಹೆಂಗಸರ ಸೀರೆಗೆಲ್ಲ ಸುಣ್ಣ ಮೆತ್ತಿತ್ತು. ಎಲ್ಲರಿಗಿಂತ ಮುಂದೆ ಡಂಗುರದ ಮುದುಕ ಕೂತಿದ್ದ. ನಾನು ಹೊರಗೆ ಹೋಗಿ ಗಿಡದ ಮರೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಾಹೇಬರಿಗೆ ಮಾತ್ರ ನಗು ಬರಲಿಲ್ಲ. "ಶಿಸ್ತಿಲ್ಲದ ಠಾಣೆ" ಎಂದು ಕಡಿಮೆ ಅಂಕ ಹಾಕಿದರು. ಅಷ್ಟು ಜನರ ಅಹವಾಲು ಯಾಕೆ ಉಳಿದಿತ್ತು ಎಂದು ಅವರು ಕೇಳಲೇ ಇಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಕರವಸ್ತ್ರ ಹೋಯಿತು. ಪರದೆಯ ಮೇಲೆ ಪ್ರತಿ ಠಾಣೆಗೂ ಒಂದು ಬಣ್ಣ. ಹಿಂದಿನ ವರ್ಷಕ್ಕಿಂತ ಅಪರಾಧ ಕಡಿಮೆಯಾದರೆ ಹಸಿರು, ಹೆಚ್ಚಾದರೆ ಕೆಂಪು. ನಾವೆಲ್ಲ ಬಹಳ ಖುಷಿಪಟ್ಟೆವು. ಅಪರಾಧ ಕಡಿಮೆ ಮಾಡಲು ಕಳ್ಳರನ್ನು ಹಿಡಿಯಬೇಕೆಂದೇನೂ ಇಲ್ಲ, ದೂರು ಬರೆದುಕೊಳ್ಳದಿದ್ದರೆ ಸಾಕು ಎಂಬುದು ಠಾಣೆಗಳಿಗೆ ನಮಗಿಂತ ಬೇಗ ತಿಳಿಯಿತು.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಇದು ನನ್ನ ನಿವೃತ್ತಿ ಹತ್ತಿರವಿದ್ದಾಗಿನದು. ನವಲಗುಂದ ಸೀಮೆಯಲ್ಲಿ ಒಂದು ಹಳ್ಳ, ಹಳ್ಳದ ಎರಡು ದಂಡೆಗೆ ಎರಡು ಠಾಣೆ. ಊರುಗಳ ಹೆಸರು ಬೇಡ. ಆಚೆ ದಂಡೆಯದು ಪ್ರತಿವರ್ಷ ಹಸಿರು, ಪ್ರತಿವರ್ಷ ಉತ್ತಮ ಠಾಣೆಯ ಢಾಲು. ಅದನ್ನು ಮಾದರಿ ಠಾಣೆ ಎನ್ನೋಣ. ಈಚೆ ದಂಡೆಯದು ಯಾವಾಗಲೂ ಕೆಂಪು. ಅದು ಹಳ್ಳದ ಠಾಣೆ. ಸತತವಾಗಿ ಕೆಂಪಾದ ಠಾಣೆಯನ್ನು ಮುಚ್ಚಿ, ಇಬ್ಬರು ಪೇದೆಗಳ ಚೌಕಿ ಮಾಡಿ, ಆಚೆಯ ಠಾಣೆಗೆ ಸೇರಿಸಬೇಕೆಂದು ಪ್ರಸ್ತಾವ ತಯಾರಾಗಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಈಚೆಯ ಜನ ಆಚೆಗೆ ಹೋಗಲಾರರು. ಹಳ್ಳದ ಠಾಣೆ ಹೋದರೆ ಆ ಹಳ್ಳಿಗಳಿಗೆ ಪೊಲೀಸರೇ ಇಲ್ಲ ಎಂದೇ ಅರ್ಥ. ಕೊನೆಯ ತಪಾಸಣೆ ನನ್ನ ಪಾಲಿಗೆ ಬಂತು.

ಮೊದಲು ಮಾದರಿ ಠಾಣೆಗೆ ಹೋದೆ. ಬಾಗಿಲಲ್ಲಿ ಹೂವಿನ ಕುಂಡಗಳು, ಗೋಡೆಯ ಮೇಲೆ ಸುವಿಚಾರ, ತಂಪಾದ ಮಜ್ಜಿಗೆ. ಸಾರ್ವಜನಿಕರಿಗೆಂದು ಇಟ್ಟ ಬೆಂಚಿನ ಮೇಲೆ ಕೂತೆ. ಎದ್ದಾಗ ನನ್ನ ಪ್ಯಾಂಟಿನ ಹಿಂದೆಲ್ಲ ಹಸಿರು ಬಣ್ಣ! ಅಲ್ಲಿದ್ದವರು ಗಾಬರಿಯಾಗಿ ಸೀಮೆಎಣ್ಣೆ ತಂದರು. "ಯಾವಾಗ ಬಳಿದ್ರಿ ಬಣ್ಣಾ?" ಎಂದೆ. "ಮೊನ್ನೆ ಬಳಿದೇವ್ರಿ ಮೇಡಮ್ರಿ, ಇನ್ನೂ ಒಣಗಿಲ್ಲೇನ್ರಿ?" ಎಂದು ಅವರೇ ನನ್ನನ್ನು ಕೇಳಿದರು. ಮೊನ್ನೆಯಿಂದ ಆ ಬೆಂಚಿನ ಮೇಲೆ ಒಬ್ಬರೂ ಕೂತಿಲ್ಲ! ಪ್ಯಾಂಟು ಹಾಳಾದ ಸಿಟ್ಟಿನ ಜೊತೆಗೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು.

ಮರುದಿನ ಹಳ್ಳದ ಠಾಣೆಗೆ ಹೋದರೆ ನನ್ನನ್ನು ಎದುರುಗೊಳ್ಳಲು ಸಬ್ ಇನ್ಸ್‌ಪೆಕ್ಟರೇ ಇಲ್ಲ. ಅವನ ಹೆಸರು ಫಕ್ಕೀರಪ್ಪ. ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಆ ಹೆಸರು, ಮನೆತನ ಕುರಿ ಕಾಯುವವರದು. ಇವೆಲ್ಲ ಆಮೇಲೆ ತಿಳಿದದ್ದು. ಅಂದು ಹವಾಲ್ದಾರ ತಲೆ ಕೆರೆದುಕೊಂಡು, "ಬದುವಿನ ಜಗಳಕ್ಕ ಹೋಗ್ಯಾರ್ರಿ. ಅಲ್ಲೆ ಕುಡಗೋಲು ತಗದಾರಂತ್ರಿ" ಎಂದ. ತಪಾಸಣೆಯ ದಿನ ಠಾಣಾಧಿಕಾರಿ ನಾಪತ್ತೆ! ನನಗೆ ಮೈಯೆಲ್ಲ ಉರಿಯಿತು. ಕೂತುಕೊಳ್ಳೋಣವೆಂದರೆ ಬೆಂಚು ತುಂಬ ಜನ. ಬೆಂಚಿನ ಬಣ್ಣ ಎಂದೋ ಸವೆದು ಕಟ್ಟಿಗೆ ಹೊಳೆಯುತ್ತಿತ್ತು. ಒಬ್ಬ ಹೆಂಗಸು ಸರಿದು ಜಾಗ ಮಾಡಿ, "ಬಾರವ್ವ, ಕುಂಡ್ರು. ಪೊಲೀಸ್ ಆದ್ರೇನಾತು, ಕಾಲು ನೋಯೂದಿಲ್ಲೇನು?" ಎಂದಳು.

"ಏನ್ ತಕರಾರು ನಿಂದು?" ಎಂದು ಕೇಳಿದೆ.

"ಹಳೇದ ಐತಿ. ಏನಾತು ಅಂತ ಕೇಳಾಕ ಬಂದೀನಿ. ಆಗಿಲ್ಲ ಅಂದ್ರ ನಾಳೆ ಮತ್ತ ಬರ್ತೀನಿ, ನನ್ನ ಠಾಣೆ ಐತಿ."

ನನ್ನ ಠಾಣೆ ಎಂದಳು. ಇಡೀ ಸರ್ವಿಸಿನಲ್ಲಿ ಆ ಮಾತನ್ನು ಪೊಲೀಸರಲ್ಲದವರ ಬಾಯಿಂದ ನಾನು ಕೇಳಿರಲಿಲ್ಲ. ಫಕ್ಕೀರಪ್ಪನ ದಾರಿ ಕಾಯದೆ ಸೀದಾ ಧಾರವಾಡಕ್ಕೆ ಬಂದೆ.

ನಮ್ಮ ಸಾಹೇಬರು ಮೈಸೂರು ಕಡೆಯವರು, ಆಗಷ್ಟೇ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಅಂಕಿಯನ್ನು ಬಿಟ್ಟರೆ ಬೇರೇನನ್ನೂ ನಂಬುತ್ತಿರಲಿಲ್ಲ. ನಾನು ಬೆಂಚಿನ ಕಥೆ ಹೇಳಿದಾಗ, "ಬೆಂಚಿಗೆ ಅಂಕ ಕೊಡೋಕೆ ನಮ್ಮಲ್ಲಿ ಕಾಲಂ ಇಲ್ಲ" ಎಂದರು. "ನಿಮ್ಮ ಅನಿಸಿಕೆ ಬೇಡ, ನನಗೆ ಕಣ್ಣಿಗೆ ಕಾಣೋ ಹಾಗೆ ತೋರಿಸಿ."

"ತೋರಸ್ತೀನ್ರಿ. ನೀವ ಬರ್ರಿ ನನ್ನ ಜೋಡಿ, ಯುನಿಫಾರ್ಮ್ ಇಲ್ದ" ಎಂದೆ. ನಾನು ಆಡು ಕಳೆದುಕೊಂಡ ಹೆಂಗಸು, ಅವರು ನನ್ನ ತಮ್ಮ. ಎರಡೂ ಠಾಣೆಗೆ ಒಂದೇ ದೂರು ಕೊಡುವುದು. ಸುಳ್ಳು ದೂರು ಕೊಡುವುದು ಅಪರಾಧ, ಆದ್ದರಿಂದ ಅದಕ್ಕೆ ಅವರ ಅಪ್ಪಣೆಯನ್ನು ಮೊದಲೇ ಪಡೆದುಕೊಂಡೆ. ಒಂದೇ ಒಂದು ತೊಡಕು ಉಳಿಯಿತು. ಅವರು ಬಾಯಿ ತೆರೆದರೆ ಸಾಕು, ಮೈಸೂರು ಹೊರಗೆ ಬೀಳುತ್ತಿತ್ತು.

"ನೀವು ಮೂಕ ಆಗಬೇಕ್ರಿ ಸಾಹೇಬ್ರ" ಎಂದೆ. ಅವರು ಕೈಯಲ್ಲಿದ್ದ ಫೈಲು ಮುಚ್ಚಿಟ್ಟು, "ಅಭ್ಯಾಸ ಈಗಲೇ ಶುರು ಮಾಡ್ಲಾ?" ಎಂದರು. ಅಂದಿನಿಂದ ನನಗೆ ಆ ಮನುಷ್ಯ ಇಷ್ಟವಾದರು.

ಅಣ್ಣಿಗೇರಿ ಸಂತೆಯ ದಿನ ಆರಿಸಿದೆ, ಎರಡೂ ಠಾಣೆಯ ಹಳಬರು ಬಂದೋಬಸ್ತಿಗೆ ಹೋಗಿರುತ್ತಾರೆಂದು. ಇಳಕಲ್ ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದೆ. ಸಾಹೇಬರಿಗೆ ಧೋತರ, ಹಳೆಯ ಅಂಗಿ, ಹೆಗಲಿಗೊಂದು ಟವೆಲ್ಲು. ಮಾದರಿ ಠಾಣೆಯಲ್ಲಿದ್ದ ಪೇದೆ ಹಿಂದಿನ ವಾರವಷ್ಟೇ ನನಗೆ ಮಜ್ಜಿಗೆ ತಂದು ಕೊಟ್ಟವನು. ಆದರೆ ಅವನು ಅಂದು ನೋಡಿದ್ದು ಟೊಪ್ಪಿಗೆಯನ್ನು, ಮುಖವನ್ನಲ್ಲ.

"ಆಡು ಕಳದೇತ್ರಿ ಸಾಹೇಬ್ರ" ಎಂದೆ.

"ನಮ್ಮ ಠಾಣೇದಾಗ ಆಡು ಕಳಿಯೂದಿಲ್ಲ" ಎಂದ ಅವನು, ಮೊಬೈಲಿನಿಂದ ತಲೆಯನ್ನೂ ಎತ್ತದೆ. "ಎಲ್ಲೆರ ಮೇಯಾಕ ಹೋಗಿರತೈತಿ, ಹುಡಕ್ಕೋ ಹೋಗು."

"ಕದ್ದಾರ್ರಿ. ಬರಕೋರಿ ಯಪ್ಪಾ."

"ಹಿರೇರ ಮುಂದ ಹೇಳಬೇ ಹೋಗ. ಇಂವ ಯಾರು?"

"ನನ್ನ ತಮ್ಮ ಅದಾನ್ರಿ. ಮೂಕ."

"ಕೈ ಅದಾವಲ್ಲ? ಸುಮ್ನ ನಿಂದ್ರೂ ಬದ್ಲಿ ಆ ಕುಂಡಕ್ಕ ನೀರ ಹಾಕಾಕ ಹೇಳು."

ನಾನು ಸೆರಗು ಇನ್ನಷ್ಟು ಮುಂದೆಳೆದುಕೊಂಡೆ. ಸಾಹೇಬರು ನನ್ನ ಮುಖ ನೋಡಿದರು, ಟವೆಲ್ಲು ಸರಿಮಾಡಿಕೊಂಡರು, ಕೊಡ ಎತ್ತಿ ಒಂದೊಂದೇ ಕುಂಡಕ್ಕೆ ನೀರು ಹಾಕಿದರು. ಢಾಲು ಗೆದ್ದ ಕುಂಡಗಳು ಅವು. ಹೊರಗೆ ಬಂದಮೇಲೆ ಅವರ ಕಿವಿ ಕೆಂಪಾಗಿತ್ತು. "ಒಂದು ಠಾಣೆಯಿಂದ ತೀರ್ಮಾನ ಬೇಡ, ಇನ್ನೊಂದನ್ನೂ ನೋಡೋಣ" ಎಂದಷ್ಟೇ ಹೇಳಿದರು.

ಹಳ್ಳದ ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ನಮ್ಮನ್ನು ಕೂರಿಸಿ ನೀರು ಕೊಟ್ಟು ಬರೆದುಕೊಳ್ಳಲು ಶುರುಮಾಡಿದಳು. ಅಷ್ಟರಲ್ಲಿ ಒಳಗಿನಿಂದ ಫಕ್ಕೀರಪ್ಪನೇ ಬಂದು ಎದುರಿಗೆ ಕೂತ. ಎಣ್ಣೆ ಕಾಣದ ತಲೆ, ಕಪ್ಪು ಮಣ್ಣು ಮೆತ್ತಿದ ಬೂಟು, ಅವಸರವಿಲ್ಲದ ಮಾತು.

"ಆಡು ಎಂಥಾದ್ದವ್ವಾ?"

"ಕರೀದ್ರಿ. ಕಿವಿ ಬಿಳೇವು."

"ಎಷ್ಟ ಹಲ್ಲಿಂದು?"

ನಮ್ಮದು ಸಂಶಿಯ ಕಿರಾಣಿ ಅಂಗಡಿ ಮನೆತನ. ಆಡಿನ ವಯಸ್ಸನ್ನು ಹಲ್ಲಿನ ಮೇಲೆ ಹೇಳುತ್ತಾರೆಂದು ನನಗೇನು ಗೊತ್ತು? "ಎಲ್ಲಾ ಹಲ್ಲೂ ಅದಾವ್ರಿ, ಅಗದಿ ಬರೋಬ್ಬರಿ" ಎಂದುಬಿಟ್ಟೆ. ಪಕ್ಕದಲ್ಲಿ ಸಾಹೇಬರು ಏನೂ ತಿಳಿಯದೆ ಜೋರಾಗಿ ತಲೆ ಆಡಿಸಿದರು.

"ಕಿವಿ ಕೊಯ್ತ ಹೆಂಗೈತಿ?"

"ಅದೇನ್ರಿ?"

ಫಕ್ಕೀರಪ್ಪ ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ. ಆಡು ಸಾಕಿದವಳಲ್ಲ ಇವಳು ಎಂದು ಅವನಿಗೆ ಅನುಮಾನ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಪೇದೆ ಪೆನ್ನು ಎತ್ತಿ ಹಿಡಿದು, "ಬರೀಲೋ ಬ್ಯಾಡ್ರಿ ಸರ್?" ಎಂದು ಕೇಳಿದಳು.

"ಬರಿ. ಮೊದ್ಲ ಬರಿ, ಆಮ್ಯಾಲೆ ಅನುಮಾನ ಪಡೂಣು. ಅನುಮಾನ ಅಂತ ಹೊಳ್ಳಿ ಕಳಿಸಿದ್ರ ಖರೇ ಕಳಕೊಂಡೋರೂ ಬಾಗಿಲಿಗೆ ಬರೂದಿಲ್ಲ."

ಸಾಹೇಬರು ನನ್ನ ಮೊಣಕೈಯನ್ನು ಮೆಲ್ಲಗೆ ತಿವಿದರು. ನನಗೋ ಎದ್ದು ಕುಣಿಯಬೇಕೆನಿಸಿತು. ಅಲ್ಲಿಗೇ ನಮ್ಮ ಗುರುತು ಹೇಳಿ ಮುಗಿಸಬಹುದಿತ್ತು. ಆದರೆ ಫಕ್ಕೀರಪ್ಪ ಆಗಲೇ ಟೊಪ್ಪಿಗೆ ಇಟ್ಟುಕೊಂಡು ಎದ್ದಿದ್ದ. "ಇವತ್ತ ಸಂತಿ ಐತಿ. ಕದ್ದ ಆಡು ಅಲ್ಲಿಗೇ ಹೋಗೂದು. ನಡೀರಿ ಹೋಗೂಣು, ನಿಮ್ಮ ಆಡು ನೀವ ಗುರುತ ಹಿಡೀಬೇಕು."

ಇಲ್ಲದ ಆಡನ್ನು ಹುಡುಕಲು ಆ ಪೇದೆಯೂ ಸೇರಿ ಎಲ್ಲರೂ ಜೀಪು ಹತ್ತಿದೆವು. ಅಣ್ಣಿಗೇರಿ ದಾರಿಯಲ್ಲಿ ಆಡು ತುಂಬಿದ ಒಂದು ಸಣ್ಣ ಟೆಂಪೋ ಸಿಕ್ಕಿತು. ಫಕ್ಕೀರಪ್ಪ ಅದನ್ನು ನಿಲ್ಲಿಸಿ, ಒಂದೊಂದೇ ಆಡಿನ ಕಿವಿ ಹಿಡಿದು ನೋಡಿದ.

"ಎಲ್ಲಾ ನಿನ್ನ ಆಡೇನಪಾ?"

"ಹೌದ್ರಿ ಸಾಹೇಬ್ರ, ನಮ್ಮ ಹಟ್ಟ್ಯಾಗ ಹುಟ್ಟಿದಾವ್ರಿ" ಎಂದ ಟೆಂಪೋದವನು.

ಆ ಸೀಮೆಯಲ್ಲಿ ಪ್ರತಿ ಹಟ್ಟಿಯವರೂ ತಮ್ಮ ಮರಿಗಳ ಕಿವಿಯನ್ನು ತಮ್ಮದೇ ರೀತಿಯಲ್ಲಿ ಸ್ವಲ್ಪ ಕೊಯ್ದು ಗುರುತು ಮಾಡುತ್ತಾರೆ. ಒಬ್ಬರದು ತುದಿಯಲ್ಲಿ, ಒಬ್ಬರದು ಅಂಚಿನಲ್ಲಿ, ಇನ್ನೊಬ್ಬರದು ಸೀಳು. ಅದೇ ಕಿವಿ ಕೊಯ್ತ ಎಂದು ನನಗೆ ಅಲ್ಲಿ ಗೊತ್ತಾಯಿತು.

"ಒಂದ ಹಟ್ಟ್ಯಾಗ ಹುಟ್ಟಿದ್ರ ಒಂದೊಂದರ ಕಿವಿ ಒಂದೊಂದ ಥರ ಯಾಕ ಕೊಯ್ದಿಯಲೇ?" ಎಂದ ಫಕ್ಕೀರಪ್ಪ.

ಟೆಂಪೋದವನು ಬಾಗಿಲಿನಿಂದ ಜಿಗಿದು ಹೊಲಕ್ಕೆ ಬಿದ್ದು ಓಟ ಕಿತ್ತ. ಅವನ ದಾರಿಗೆ ಅಡ್ಡವಾಗಿದ್ದವರು ನಮ್ಮ ಸಾಹೇಬರು. ಧೋತರ ಮೇಲೆತ್ತಿ ಹಾರಿ ಅವನ ಸೊಂಟ ಹಿಡಿದು ಕಪ್ಪು ಮಣ್ಣಿನಲ್ಲಿ ಕೆಡವಿ, "ಹಿಡ್ಕೊಳ್ರಿ! ಬಿಡ್ಬೇಡಿ ಇವನನ್ನ! ಕಾಲು ಹಿಡಿರೀ!" ಎಂದು ಗಂಟಲು ಹರಿಯುವಂತೆ ಕೂಗಿದರು.

ಮಹಿಳಾ ಪೇದೆ ಕೈ ಜೋಡಿಸಿ, "ಯಪ್ಪಾ, ಮೂಕ ಮಾತಾಡಿದ!" ಎಂದಳು.

ಅಷ್ಟರಲ್ಲಿ ಓಡಿಬಂದು ಕಳ್ಳನ ಮೇಲೆ ಕೂತಿದ್ದ ಫಕ್ಕೀರಪ್ಪ ಅಲ್ಲಿಂದಲೇ ಕತ್ತು ತಿರುಗಿಸಿದ. ಆ ದನಿಯನ್ನು ಅವನು ವಿಡಿಯೊ ಮೀಟಿಂಗಿನಲ್ಲಿ ಕೇಳಿದ್ದ. ಎದ್ದು ಸೆಲ್ಯೂಟ್ ಹೊಡೆದರೆ ಕಳ್ಳ ಓಡುತ್ತಾನೆ, ಹೊಡೆಯದಿದ್ದರೆ ಸಾಹೇಬರಿಗೆ ಅವಮಾನ. ಅವನ ಮುಖ ನೋಡುವ ಹಾಗಿತ್ತು. "ಸೆಲ್ಯೂಟ್ ಆಮೇಲೆ, ಮೊದ್ಲು ಇವನ ಕೈ ಕಟ್ಟಿ" ಎಂದರು ಸಾಹೇಬರು, ಬಾಯಿಂದ ಮಣ್ಣು ಉಗುಳುತ್ತ.

ನಿಜವಾದ ಗೆಲುವು ಸಿಕ್ಕಿದ್ದು ಠಾಣೆಗೆ ಮರಳಿದ ಮೇಲೆ. ಆಡುಗಳು ಸಿಕ್ಕ ಸುದ್ದಿ ಸಂತೆಗೆ ಹೋದವರಿಂದ ಹಳ್ಳಿಗಳಿಗೆಲ್ಲ ಹರಡಿ, ಮಧ್ಯಾಹ್ನದೊಳಗೆ ಯಜಮಾನರು ಒಬ್ಬೊಬ್ಬರಾಗಿ ಬರತೊಡಗಿದರು. ಬಂದವರು ಬಹುತೇಕ ಎಲ್ಲರೂ ಹಳ್ಳ ದಾಟಿ ಬಂದರು. ಆಡು ಕಳೆಯುವುದೇ ಇಲ್ಲ ಎಂದಿದ್ದ ಮಾದರಿ ಠಾಣೆಯ ಸರಹದ್ದಿನವರು ಅವರು! ತನ್ನ ಆಡಿನ ಕೊರಳು ತಬ್ಬಿಕೊಂಡು ಅಳುತ್ತಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ, ಇನ್ನೂ ಧೋತರದಲ್ಲೇ ಇದ್ದ ಸಾಹೇಬರು ಕುಕ್ಕರುಗಾಲಲ್ಲಿ ಕೂತರು.

"ಅಲ್ಲಿನ ಠಾಣೆಗೆ ಹೇಳಲಿಲ್ವೇನಮ್ಮ?"

"ಹೇಳಿದ್ನೆಪಾ. ನಾಕೈದ ಸಲ ಹೋಗೀನಿ. ಇಲ್ಲೆ ಕಳುವು ಆಗೂದಿಲ್ಲ ಅಂದ್ರು. ಹಂಗಾದ್ರ ನನ್ನ ಆಡು ಎಲ್ಲೆ ಹೋತಂತ ಯಾರೂ ಹೇಳಲಿಲ್ಲ."

ಸಾಹೇಬರು ಆ ಆಡಿನ ಕಿವಿ ಸವರಿದರು. ಆಮೇಲೆ ಎದ್ದು ನನ್ನ ಹತ್ತಿರ ಬಂದು, "ಆ ಠಾಣೆಗೆ ಢಾಲು ಕೊಟ್ಟಿದ್ದು ನಾವೇ ಅಲ್ವಾ" ಎಂದರು. ನಾವೇ. ಅವರು ನನ್ನ ಮೇಲೆ ಹಾಕಲಿಲ್ಲ, ತಮ್ಮ ಹಿಂದಿನವರ ಮೇಲೂ ಹಾಕಲಿಲ್ಲ. ನಾನು ಕಂಡ ಸಾಹೇಬರಲ್ಲಿ ಅವರನ್ನು ದೊಡ್ಡವರೆಂದು ಕರೆಯುವುದು ಆ ಒಂದು ಮಾತಿಗೆ.

ಇಷ್ಟಾದರೂ ಪ್ರಸ್ತಾವ ಇನ್ನೂ ಜೀವಂತವಾಗಿತ್ತು. ಅದಕ್ಕೆ ಸಹಿ ಹಾಕಬೇಕಾದವರು ನಮ್ಮ ಸಾಹೇಬರಲ್ಲ, ಅವರಿಗಿಂತ ಮೇಲಿನವರು. ಪರಿಶೀಲನಾ ಸಭೆಯ ದಿನ ಗೋಡೆಯ ಮೇಲೆ ಇಡೀ ಜಿಲ್ಲೆಯ ನಕಾಶೆ ಬೆಳಗಿತು. ಹಳ್ಳದ ಠಾಣೆ ಎಂದಿಗಿಂತ ಹೆಚ್ಚು ಕೆಂಪಾಗಿತ್ತು, ಏಕೆಂದರೆ ಆಚೆ ದಂಡೆಯವರ ದೂರನ್ನೂ ಫಕ್ಕೀರಪ್ಪ ಬರೆದುಕೊಂಡಿದ್ದ. ನಾನು ಹಿಂದಿನ ಸಾಲಿನಲ್ಲಿ ಕೂತು ಮೇಜಿನ ಮೇಲಿದ್ದ ಪ್ರಸ್ತಾವವನ್ನೇ ನೋಡುತ್ತಿದ್ದೆ. ಒಂದು ಸಹಿ ಬಿದ್ದರೆ ಆ ಹೆಂಗಸಿನ 'ನನ್ನ ಠಾಣೆ' ಇರುವುದಿಲ್ಲ.

ಮೇಲಿನವರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಪೆನ್ನು ತೋರಿಸಿದರು. "ಇದೊಂದು ಠಾಣೆಯಲ್ಲಿ ಇಷ್ಟೊಂದು ಅಪರಾಧ ಯಾಕೆ? ಸುತ್ತಮುತ್ತ ಎಲ್ಲೂ ಇಲ್ಲವಲ್ಲ?"

ಅಂಕಿಯನ್ನು ಬಿಟ್ಟರೆ ಬೇರೇನನ್ನೂ ನಂಬದ ನಮ್ಮ ಸಾಹೇಬರು ಎದ್ದು ನಿಂತರು.

"ಸುತ್ತಮುತ್ತಲೂ ಇದೆ ಸಾರ್. ಆದರೆ ಠಾಣೆ ಇರೋದು ಅಲ್ಲಿ ಮಾತ್ರ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಬೆಂಚು, ಆಡು, ಮುದುಕಿ, ಕೊನೆಗೆ ತಾವು ಕುಂಡಕ್ಕೆ ನೀರು ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಅದನ್ನು ಕೇಳಿ ಮೇಲಿನವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಪ್ರಸ್ತಾವವನ್ನು ಹರಿದು ಬದಿಗಿಟ್ಟು, "ಈ ಬಣ್ಣಗಳನ್ನು ತೆಗೀರಿ. ದೂರು ಕೊಟ್ಟವರನ್ನೇ ಕೇಳಿ ಅಂಕ ಹಾಕೋ ಪದ್ಧತಿ ಬರೆದು ತನ್ನಿ. ಮೊದಲ ಕರಡು ಆ ಹಿಂದೆ ಕೂತಿರೋ ಮೇಡಂ ಬರೀಲಿ" ಎಂದರು. ಇಂದು ಆ ಹುಡುಗಿಯರ ಟ್ಯಾಬಿನಲ್ಲಿರುವ ಪ್ರಶ್ನೆಗಳು ಹುಟ್ಟಿದ್ದು ಅಲ್ಲಿ. ಮಾದರಿ ಠಾಣೆಯಲ್ಲಿ ಕೂಡ ಆ ವರ್ಷ ದೂರುಗಳು ಏರಿದವು, ಅದನ್ನು ಕೇಳಿ ನಾವು ಸಿಹಿ ಹಂಚಿದೆವು.

ಅಂದು ಸಭೆಯಿಂದ ಹೊರಗೆ ಓಡಿಬಂದು ಮೆಟ್ಟಿಲ ಮೇಲೆ ನಿಂತೇ ಫಕ್ಕೀರಪ್ಪನಿಗೆ ಫೋನ್ ಮಾಡಿದೆ. "ಉಳೀತಪಾ ನಿನ್ನ ಠಾಣೆ" ಎಂದೆ. ಅವನು ಫೋನು ಹಿಡಿದುಕೊಂಡೇ ಹೊರಗೆ ಓಡಿದ ಸದ್ದಾಯಿತು, ಆಮೇಲೆ "ಉಳೀತ್ರಲೇ! ನಮ್ಮ ಠಾಣೆ ಉಳೀತು!" ಎಂದು ಅವನು ಕೂಗಿದ್ದು ಕೇಳಿಸಿತು. ಅದರ ಹಿಂದೆಯೇ ದೊಡ್ಡ ಗದ್ದಲ ಎದ್ದಿತು, ಸೀಟಿ, ಚಪ್ಪಾಳೆ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. ಆ ಕೂಗಿನಲ್ಲಿ ಪೊಲೀಸರಿಗಿಂತ ಊರ ಹೆಂಗಸರ ದನಿಯೇ ಜೋರಾಗಿತ್ತು.